ಕೈಬರಹದ ಫಾಂಟು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕೈಯಲ್ಲಿ ಬರೆದಂತೆ ಕಾಣುವ ಫಾಂಟುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂದಿದ್ದೆವು. ಮದುವೆ ಕರೆಯೋಲೆಯಿಂದ ಹಿಡಿದು ಅಮ್ಮನ ಹಳೇ ಪತ್ರದವರೆಗೆ ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರ: ತಂಗಿಯ ಮದುವೆ ಕರೆಯೋಲೆಗೆ ಕೈಬರಹದಂಥ ಕನ್ನಡ ಅಕ್ಷರ ಬೇಕು ಅಂತ ಪ್ರೆಸ್‌ನಲ್ಲಿ ಹೇಳಿದೆವು. ಪ್ರೂಫ್ ನೋಡಿದರೆ ಹೆಸರಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ. ಮಂಟಪದ ವಿಳಾಸ ಓದೋಕೇ ಆಗ್ತಿಲ್ಲ. ಫಾಂಟ್ ಬದಲಾಯಿಸಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಉ: ಬದಲಾಯಿಸುವ ಮೊದಲು ಅದನ್ನು ಎಲ್ಲೆಲ್ಲಿ ಹಾಕಿದ್ದಾರೆ ನೋಡಿ. ಕರೆಯೋಲೆಯಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ. ಹುಡುಗ ಹುಡುಗಿಯ ಹೆಸರು, ‘ತಪ್ಪದೇ ಬನ್ನಿ’ ಅನ್ನುವ ಸಾಲು, ಇವು ಮನೆಯವರು ಬಾಯ್ತುಂಬ ಕರೆಯುವ ಮಾತು. ಇಲ್ಲಿ ಕೈಬರಹ ಚೆನ್ನಾಗಿ ಒಪ್ಪುತ್ತದೆ. ತಾರೀಖು, ಮುಹೂರ್ತ, ವಿಳಾಸ, ಫೋನ್ ನಂಬರು ಬರೀ ಮಾಹಿತಿ. ವಯಸ್ಸಾದವರು ಕೂಡ ಒಂದೇ ನೋಟಕ್ಕೆ ಓದುವಂತಿರಬೇಕು. ಅದಕ್ಕೆ ನೋಟೊ ಸಾನ್ಸ್ ಕನ್ನಡದಂಥ ಸಾದಾ ಫಾಂಟೇ ಸರಿ. ಹೆಸರು ದೊಡ್ಡದಾಗಿ ಕೈಬರಹದಲ್ಲಿ, ಉಳಿದದ್ದು ಸಾದಾ ಅಕ್ಷರದಲ್ಲಿ ಮಾಡಿಸಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇನ್ನರ್ಧ ಸಾಲಿನ ಅಂತರದ್ದು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ‘ಲಕ್ಷ್ಮಿ’ಯಲ್ಲಿ ಎರಡೆರಡು ಒತ್ತು ಇದೆ ನೋಡಿ. ಕೈಬರಹದ ಫಾಂಟಿನಲ್ಲಿ ಈ ಒತ್ತುಗಳು ಇನ್ನೂ ಉದ್ದಕ್ಕೆ ಬಾಲ ಬಿಟ್ಟುಕೊಂಡು ಇಳಿಯುತ್ತವೆ. ಅಕ್ಷರ 20 ಪಾಯಿಂಟ್ ಇದ್ದರೆ ಸಾಲು 32 ಪಾಯಿಂಟ್ ಆದರೂ ಇರಲಿ. ಹೆಸರನ್ನು ಚಿನ್ನದ ಫಾಯಿಲ್‌ನಲ್ಲಿ ಒತ್ತಿಸುವುದಾದರೆ ಒಂದು ಎಚ್ಚರಿಕೆ: ತೀರಾ ತೆಳು ಗೆರೆ ಫಾಯಿಲ್‌ನಲ್ಲಿ ತುಂಡಾಗುತ್ತದೆ, ಸಣ್ಣ ಸೊನ್ನೆಯಂಥ ಜಾಗ ತುಂಬಿಹೋಗುತ್ತದೆ. ಸ್ವಲ್ಪ ದಪ್ಪ ಗೆರೆಯ ಫಾಂಟ್ ಆರಿಸಿ. ಪ್ರೂಫನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ನೋಡಿ. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ಎಲ್ಲವೂ ಚೆಂದವೇ ಕಾಣುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಯಾರದ್ದಾದರೂ ಅಕ್ಷರ ಚೆನ್ನಾಗಿದ್ದರೆ ಆ ಎರಡು ಹೆಸರನ್ನು ಅವರ ಕೈಯಲ್ಲೇ ಬರೆಸಿ, ಸ್ಕ್ಯಾನ್ ಮಾಡಿ ಕೊಡಿ. ಎರಡೇ ಹೆಸರು ತಾನೇ? ಅಜ್ಜನೋ ಅತ್ತೆಯೋ ಬರೆದ ಹೆಸರು ಕರೆಯೋಲೆಯ ಮೇಲಿದ್ದರೆ ಅದಕ್ಕೆ ಯಾವ ಫಾಂಟೂ ಸಾಟಿಯಾಗುವುದಿಲ್ಲ.

ಪ್ರ: ಸಣ್ಣ ಕೆಫೆ ತೆರೆಯುತ್ತಿದ್ದೇವೆ. ವರ್ಡ್‌ನಲ್ಲಿ ಸಿಗುವ ಮಿಸ್ಟ್ರಲ್ ಅನ್ನುವ ಇಂಗ್ಲಿಷ್ ಫಾಂಟ್ ಬಹಳ ಇಷ್ಟವಾಯಿತು, ಯಾರೋ ಸರಸರ ಬರೆದ ಹಾಗಿದೆ. ಯಾರು ಮಾಡಿದ್ದು? ಅಕ್ಷರಗಳು ಅಷ್ಟು ಸಲೀಸಾಗಿ ಹೇಗೆ ಕೂಡಿಕೊಳ್ಳುತ್ತವೆ? ಬೋರ್ಡಿಗೆ ಹಾಕಬಹುದಾ?
– ಓದುಗರೊಬ್ಬರು, ಮೈಸೂರು

ಉ: ಒಳ್ಳೆಯ ಫಾಂಟೇ ನಿಮ್ಮ ಕಣ್ಣಿಗೆ ಬಿದ್ದಿದೆ. ಅದು ಕಂಪ್ಯೂಟರ್ ಕಾಲದ್ದಲ್ಲ. 1953ರಲ್ಲಿ ಫ್ರಾನ್ಸಿನ ಮಾರ್ಸೇ ಪಟ್ಟಣದ ಫೋಂಡರಿ ಒಲೀವ್ ಅನ್ನುವ ಅಚ್ಚಿನ ಮೊಳೆ ಎರಕ ಹೊಯ್ಯುವ ಸಂಸ್ಥೆ ಅದನ್ನು ಹೊರತಂದಿತು. ಬರೆದವರು ರೋಜೆ ಎಕ್ಸ್‌ಕೋಫೋನ್. ತಮ್ಮದೇ ಕೈಬರಹವನ್ನು ಅವರು ಆಧಾರ ಮಾಡಿಕೊಂಡರು. ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಜೋರು ಚಳಿಗಾಳಿಯ ಹೆಸರನ್ನೇ ಫಾಂಟಿಗೆ ಇಟ್ಟರು. ಎರಡು ವರ್ಷದ ನಂತರ, 1955ರಲ್ಲಿ, ಕುಂಚದ ಒರಟು ಗೆರೆಯ ಶೋಕ್ ಅನ್ನುವ ಫಾಂಟನ್ನೂ ಮಾಡಿದರು.

ಈಗ ಕೂಡುವ ವಿಷಯಕ್ಕೆ ಬರೋಣ, ನನಗೆ ತುಂಬ ಇಷ್ಟವಾದ ಭಾಗ ಇದು. ಸೀಸದ ಮೊಳೆಯ ಕಾಲದಲ್ಲಿ ಒಂದೊಂದು ಅಕ್ಷರವೂ ಒಂದೊಂದು ಲೋಹದ ತುಂಡಿನ ಮೇಲೆ ಇರುತ್ತಿತ್ತು. ತುಂಡಿನ ಅಂಚು ದಾಟಿ ಅಕ್ಷರದ ಬಾಲ ಹೊರಗೆ ಚಾಚಿದರೆ ಮುರಿದುಹೋಗುವ ಭಯ. ಅಂಚಿನೊಳಗೇ ನಿಲ್ಲಿಸಿದರೆ ಎರಡು ಅಕ್ಷರದ ನಡುವೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಕೂಡುಬರಹದ ಮೊಳೆ ಮಾಡುವವರಿಗೆಲ್ಲ ಇದೇ ದೊಡ್ಡ ತಲೆನೋವು. ಇಂಗ್ಲಿಷನ್ನು ಕೈಯಲ್ಲಿ ಬರೆಯುವಾಗ ನಾವು ‘o’ ಆದಮೇಲೆ ‘r’ ಬಂದರೆ ಮೇಲಿನಿಂದ, ‘a’ ಆದಮೇಲೆ ಬಂದರೆ ಕೆಳಗಿನಿಂದ ಗೆರೆ ಎಳೆಯುತ್ತೇವೆ. ಮೊಳೆಗೆ ಹಾಗೆ ಬದಲಾಗಲು ಬರುವುದಿಲ್ಲ. ಒಂದು ಅಕ್ಷರಕ್ಕೆ ಒಂದೇ ಆಕಾರ. ಅದಕ್ಕೆ ಉಪಾಯ ಏನೆಂದರೆ, ಪ್ರತಿ ಸಣ್ಣಕ್ಷರವೂ ಒಂದೇ ಎತ್ತರದಲ್ಲಿ ಒಳಗೆ ಬರಬೇಕು, ಅದೇ ಎತ್ತರದಲ್ಲಿ ಹೊರಗೆ ಹೋಗಬೇಕು, ರೈಲಿನ ಬೋಗಿಗಳ ಕೊಂಡಿಯ ಹಾಗೆ, ಆಗ ಯಾವುದರ ಹಿಂದೆ ಯಾವುದು ಬಂದರೂ ಜೋಡಣೆ ತಪ್ಪುವುದಿಲ್ಲ. ಇಷ್ಟು ಕಟ್ಟುನಿಟ್ಟು ಮಾಡಿದರೆ ಬರಹ ಬಿಗಿದುಕೊಂಡು ಶಾಲೆಯ ಕಾಪಿ ಪುಸ್ತಕದ ಹಾಗೆ ಆಗಬೇಕಿತ್ತು, ಅಲ್ವಾ? ಎಕ್ಸ್‌ಕೋಫೋನ್ ಗೆದ್ದದ್ದು ಇಲ್ಲೇ. ಕೊಂಡಿ ಮಾತ್ರ ಒಂದೇ ಎತ್ತರದಲ್ಲಿಟ್ಟು ಉಳಿದ ಎಲ್ಲವನ್ನೂ ಸಡಿಲ ಬಿಟ್ಟರು. ಕೆಲವು ಅಕ್ಷರ ಸಾಲಿನ ಕೆಳಗೆ ಜಾರುತ್ತವೆ, ಕೆಲವು ಮೇಲೇ ನಿಲ್ಲುತ್ತವೆ, ಅಗಲ ಏರುಪೇರಾಗುತ್ತದೆ, ಗೆರೆಯ ಅಂಚು ಒಣ ಕುಂಚದ ಹಾಗೆ ಒರಟಾಗಿದೆ. ಆ ಒರಟಿನಲ್ಲಿ ಬೆಸುಗೆ ಕಣ್ಣಿಗೆ ಬೀಳುವುದೇ ಇಲ್ಲ.

ಬೋರ್ಡಿಗೆ ಹಾಕಬಹುದು. ಎರಡು ವಿಷಯ ಗಮನದಲ್ಲಿರಲಿ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕಬೇಡಿ. ಕೂಡುಬರಹದ ದೊಡ್ಡಕ್ಷರ ಒಂದು ಪದದ ತಲೆಯಲ್ಲಿ ಒಂದೇ ಬರಬೇಕು, ಸಾಲಾಗಿ ನಿಲ್ಲಿಸಿದರೆ ಓದಲು ಬರುವುದಿಲ್ಲ. ಇನ್ನೊಂದು, ಮಿಸ್ಟ್ರಲ್‌ನ ಸಣ್ಣಕ್ಷರ ನಿಜಕ್ಕೂ ಬಹಳ ಸಣ್ಣವು, ದೂರದಿಂದ ಕಾಣಬೇಕಾದರೆ ಬೇರೆ ಫಾಂಟಿಗಿಂತ ದೊಡ್ಡದಾಗಿ ಹಾಕಬೇಕು. ಮೆನುವಿನಲ್ಲಿ ಬೆಲೆಗಳನ್ನು ಅದರಲ್ಲಿ ಹಾಕಲೇಬೇಡಿ. ಅದು ಹಣ ಕೊಟ್ಟು ಕೊಳ್ಳಬೇಕಾದ ಫಾಂಟು. ಅಂಗಡಿಯ ಗುರುತಾಗಿ ಬಳಸುವ ಮೊದಲು ನಿಮ್ಮ ಲೈಸೆನ್ಸ್ ಅದಕ್ಕೆ ಒಪ್ಪುತ್ತದಾ ಓದಿಕೊಳ್ಳಿ. ಬೋರ್ಡಿನ ಕನ್ನಡ ಭಾಗದ ಬಗ್ಗೆ ಮುಂದಿನ ಉತ್ತರ ನೋಡಿ.

ಪ್ರ: ತಂದೆ ಕುಂಚ ಹಿಡಿದು ಬೋರ್ಡ್ ಬರೆಯುವವರು. ನಾನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿದರೆ ಕೈಬರಹ ಅನ್ನಿಸುತ್ತದೆ. ಕನ್ನಡದಲ್ಲಿ ಅಕ್ಷರ ಕೂಡುವುದೇ ಇಲ್ಲವಲ್ಲ. ಹಾಗಾದರೆ ಕನ್ನಡ ಫಾಂಟಿಗೆ ಕೈಬರಹದ ಗುಣ ಎಲ್ಲಿಂದ ಬರುತ್ತದೆ?
– ಓದುಗರೊಬ್ಬರು, ಹುಬ್ಬಳ್ಳಿ

ಉ: ನಿಮ್ಮ ತಂದೆಯ ಕೈ ನೋಡಿ, ಉತ್ತರ ಅಲ್ಲೇ ಇದೆ. ಕನ್ನಡದಲ್ಲಿ ವೇಗ ಮೊದಲು ಕಾಣುವುದು ತಲೆಕಟ್ಟಿನಲ್ಲಿ. ನಿಧಾನವಾಗಿ ಬರೆದಾಗ ತಲೆಕಟ್ಟು ಬೇರೆ ಗೆರೆ. ಕೈ ಓಡತೊಡಗಿದರೆ ಅದು ಅಕ್ಷರದ ಹೊಟ್ಟೆಯಿಂದಲೇ ಎದ್ದು ಬರುತ್ತದೆ, ಬಲಕ್ಕೆ ಮೇಲಕ್ಕೆ ಚಿಮ್ಮುತ್ತದೆ, ಕೆಲವರ ಕೈಯಲ್ಲಿ ಬರೀ ಒಂದು ಗೀಟು ಆಗುತ್ತದೆ. ಆಮೇಲೆ ಸುತ್ತುಗಳು. ‘ಯ’, ‘ಮ’, ‘ಝ’ ಅಕ್ಷರಗಳ ಸಾಲು ಸಾಲು ಸುತ್ತು ವೇಗದಲ್ಲಿ ಚಪ್ಪಟೆಯಾಗುತ್ತವೆ. ಆಮೇಲೆ ಒತ್ತು ಮತ್ತು ದೀರ್ಘ: ಎಷ್ಟು ದೂರ ಇಳಿಯುತ್ತವೆ, ಎಷ್ಟು ದೂರ ಓಡುತ್ತವೆ ಅನ್ನುವುದರಲ್ಲಿ ಒಬ್ಬೊಬ್ಬರ ಗುರುತು ಇರುತ್ತದೆ. ಹಳಬರ ಪತ್ರಗಳಲ್ಲಿ ‘ಕೀ’, ‘ಕೇ’ ದೀರ್ಘಗಳು ಮುಂದಿನ ಪದದ ಮೇಲೆ ಕೈ ಹಾಕುವಷ್ಟು ಚಾಚಿರುವುದನ್ನು ನೀವೂ ನೋಡಿರುತ್ತೀರಿ.

ಇಂಗ್ಲಿಷ್ ಕೂಡುಬರಹ ನೋಡಿಕೊಂಡು ಕನ್ನಡ ಅಕ್ಷರಗಳ ನಡುವೆ ಸುಮ್ನೆ ಗೆರೆ ಎಳೆಯುವ ಫಾಂಟುಗಳು ನನಗೆ ಹಿಡಿಸುವುದಿಲ್ಲ. ಯಾರೂ ಹಾಗೆ ಬರೆಯುವುದಿಲ್ಲ. ನಮ್ಮ ಲಿಪಿಯಲ್ಲಿ ಇರುವ ಸಡಿಲವನ್ನೇ ಹಿಡಿಯಬೇಕು. ಅದು ಸಾಕಷ್ಟಿದೆ.

ಆದರೆ ಎಲ್ಲಿ ಸಡಿಲ ಬಿಡಬಾರದು ಅನ್ನುವುದೂ ಗೊತ್ತಿರಬೇಕು. ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ‘ಪ’ಕ್ಕೆ ಹೊಟ್ಟೆ ಸೀಳಿದರೆ ‘ಷ’. ‘ವ’ಕಾರಕ್ಕೆ ಎಲ್ಲ ಅಕ್ಷರದ ಹಾಗೆ ಪಕ್ಕದಲ್ಲೇ ಕೊಂಬು ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ‘ವು’, ‘ಪು’ ಬರೆಯುವಾಗ ಕೊಂಬನ್ನು ಕೆಳಗೆ ಇಳಿಸುತ್ತೇವೆ. ಸ್ವಂತ ಕೈಯಲ್ಲಿ ಬರೆದ ಪತ್ರದಲ್ಲಿ ಇವೆಲ್ಲ ಕಲಸಿಹೋದರೂ ಓದುವವರು ಊಹಿಸಿಕೊಳ್ಳುತ್ತಾರೆ, ಬರೆದವರ ಪರಿಚಯ ಇರುತ್ತದೆ. ಫಾಂಟನ್ನು ಓದುವವರು ಅಪರಿಚಿತರು. ಹಾಗಾಗಿ ಈ ಸೀಳು, ಈ ಕೊಂಬು ಅಚ್ಚುಕಟ್ಟಾಗಿರಲಿ, ಉಳಿದದ್ದು ಕುಣಿಯಲಿ.

ಪೆನ್ನಿನ ಕೈಬರಹ ಬೇರೆ, ಕುಂಚದ್ದು ಬೇರೆ. ಬಾಲ್‌ಪೆನ್ನಿನ ಗೆರೆ ಎಲ್ಲ ಕಡೆ ಒಂದೇ ದಪ್ಪ. ಚಪ್ಪಟೆ ಕುಂಚ ತಿರುಗಿದ ಕಡೆ ತೆಳು, ಎಳೆದ ಕಡೆ ದಪ್ಪ. ಬಾಲ್‌ಪೆನ್ನಿನ ಥರದ ಫಾಂಟ್ ಚೀಟಿ, ಟಿಪ್ಪಣಿ, ಚಿತ್ರದ ಪಕ್ಕದ ಮಾತಿಗೆ ಸರಿ. ಬೋರ್ಡಿಗೆ ಕುಂಚದ್ದೇ ಬೇಕು. ತಂದೆಯವರ ಕೈಯಲ್ಲಿ ಪೂರ್ತಿ ಕಾಗುಣಿತ, ಎಲ್ಲ ಒತ್ತು ಒಂದು ಸಲ ದೊಡ್ಡ ಹಾಳೆಯ ಮೇಲೆ ಬರೆಸಿ ಇಟ್ಟುಕೊಳ್ಳಿ. ಇವತ್ತೇ ಬರೆಸಿ. ಫ್ಲೆಕ್ಸ್ ಬಂದಮೇಲೆ ಆ ಕೈಗಳು ಕೆಲಸ ಬಿಡುತ್ತಿವೆ. ಅವರ ಅಕ್ಷರಗಳು ಎಲ್ಲೂ ದಾಖಲಾಗುತ್ತಿಲ್ಲ.

ಪ್ರ: ಕೈಬರಹದ ಫಾಂಟಿನಲ್ಲಿ ಒಂದು ಪುಟ ಪತ್ರ ಟೈಪ್ ಮಾಡಿದೆ. ಮೊದಲ ನೋಟಕ್ಕೆ ಚೆನ್ನಾಗಿತ್ತು, ನಾಲ್ಕು ಸಾಲು ಓದುವಷ್ಟರಲ್ಲಿ ಇದು ಕೈಬರಹ ಅಲ್ಲ ಅಂತ ಗೊತ್ತಾಗಿಬಿಡುತ್ತದೆ. ಯಾಕೆ?
– ಡಿಸೈನ್ ವಿದ್ಯಾರ್ಥಿನಿ, ಬೆಂಗಳೂರು

ಉ: ಒಂದೇ ಅಕ್ಷರ ಎರಡು ಸಲ ಅಚ್ಚೊತ್ತಿದ ಹಾಗೆ ಬರುತ್ತಿದೆ, ಅದಕ್ಕೆ. ಕೈ ಯಾವತ್ತೂ ಎರಡು ‘ರ’ವನ್ನು ಒಂದೇ ಥರ ಬರೆಯುವುದಿಲ್ಲ. ಕನ್ನಡದಲ್ಲಿ ಈ ಗುಟ್ಟು ಬೇಗ ರಟ್ಟಾಗುತ್ತದೆ, ನಮಗೆ ಜೋಡಿಪದಗಳು ಜಾಸ್ತಿ. ‘ಸರಸರ’, ‘ಪಟಪಟ’, ‘ಬಿರಬಿರನೆ’ ಟೈಪ್ ಮಾಡಿ ನೋಡಿ. ಪದದ ಎರಡು ಅರ್ಧ ಪಡಿಯಚ್ಚು. ತಲೆಕಟ್ಟುಗಳಂತೂ ಒಂದೇ ಕೋನದಲ್ಲಿ, ಒಂದೇ ಉದ್ದಕ್ಕೆ ಸಾಲಾಗಿ ನಿಂತಿರುತ್ತವೆ.

ಇದಕ್ಕೆ ಪರಿಹಾರ ಹುಡುಕಿದವರು ಹಲವರು. ನೆದರ್ಲೆಂಡ್ಸಿನ ಎರಿಕ್ ವಾನ್ ಬ್ಲೋಕ್‌ಲಾಂಡ್ ಮತ್ತು ಯುಸ್ಟ್ ವಾನ್ ರೋಸಮ್ ಅನ್ನುವ ಇಬ್ಬರು ಗೆಳೆಯರು 1990ರ ಹೊತ್ತಿಗೆ ಬೆವೊಲ್ಫ್ ಅನ್ನುವ ಫಾಂಟ್ ಮಾಡಿದರು. ಪ್ರಿಂಟರಿಗೆ ಹೋದಾಗ ಅದರ ಪ್ರತಿ ಅಕ್ಷರದ ಅಂಚೂ ಬೇರೆ ಬೇರೆ ಥರ ಅಲುಗಾಡಿ ಮುದ್ರಣವಾಗುತ್ತಿತ್ತು. ಅದು ಕೈಬರಹದ ಫಾಂಟಲ್ಲ, ಆದರೆ ಒಂದು ಅಕ್ಷರಕ್ಕೆ ಒಂದೇ ಆಕಾರ ಅನ್ನುವ ನಿಯಮವನ್ನು ಮುರಿಯಿತು. ಇದೇ ಇಬ್ಬರು 1991ರಲ್ಲಿ ತಮ್ಮ ತಮ್ಮ ಕೈಬರಹವನ್ನೂ ಫಾಂಟ್ ಮಾಡಿದರು, ಎರಿಕ್ ಬಲಗೈಯದ್ದು, ಯುಸ್ಟ್ ಎಡಗೈಯದ್ದು. (ಕಂಪ್ಯೂಟರ್ ಓದಿದವರಿಗೆ ಒಂದು ಸ್ವಾರಸ್ಯ: ಪೈಥಾನ್ ಭಾಷೆ ಮಾಡಿದ ಗೀಡೊ ವಾನ್ ರೋಸಮ್ ಈ ಯುಸ್ಟ್ ಅವರ ಅಣ್ಣ.)

ಈಗ ಓಪನ್‌ಟೈಪ್ ಅನ್ನುವ ಫಾಂಟ್ ಮಾದರಿಯಲ್ಲಿ ಕೆಲಸ ಸುಲಭ. ಒಂದು ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಅಕ್ಕಪಕ್ಕ ಏನಿದೆ ನೋಡಿ ರೂಪ ಬದಲಿಸು ಅಂತ ಫಾಂಟಿಗೇ ಹೇಳಿಕೊಡಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ, ಪಾಬ್ಲೊ ಇಂಪಲ್ಲಾರಿ ಅವರ ಕವಿಯಾಟ್ ಹೀಗೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ, ಅಕ್ಷರ ಬದಲಾಗುವುದು ಕಾಣುತ್ತದೆ.

ಕನ್ನಡದಲ್ಲಿ ಎಲ್ಲಕ್ಕೂ ಮೂರು ಮೂರು ರೂಪ ಮಾಡಲು ಹೊರಟರೆ ಮುಗಿಯುವುದಿಲ್ಲ. ನನ್ನನ್ನು ಕೇಳಿದರೆ ಪದೇ ಪದೇ ಬರುವ ‘ರ’, ‘ನ’, ‘ದ’, ‘ತ’, ‘ಲ’, ‘ಗ’, ‘ಕ’, ಜೊತೆಗೆ ‘ಲ್ಲಿ’ ಮತ್ತು ‘ನ್ನು’ ಇಷ್ಟಕ್ಕೆ ಎರಡೆರಡು ರೂಪ ಇದ್ದರೂ ಪುಟದ ಮುಖವೇ ಬದಲಾಗುತ್ತದೆ. ‘ಅಲ್ಲಿ’, ‘ಇಲ್ಲಿ’, ‘ಮನೆಯಲ್ಲಿ’, ‘ಅವನನ್ನು’: ಯಾವ ಸಾಲಿನಲ್ಲಿ ಇವು ಇಲ್ಲ ಹೇಳಿ.

ಪ್ರ: ಅಮ್ಮ ಈಗಿಲ್ಲ. ಅವರು ಬರೆದ ಪತ್ರಗಳು, ಅಡುಗೆಯ ಟಿಪ್ಪಣಿ ಪುಸ್ತಕ ಇದೆ. ಅವರ ಕೈಬರಹವನ್ನು ಫಾಂಟ್ ಮಾಡಬಹುದಾ? ಆನ್‌ಲೈನಿನಲ್ಲಿ ಹಾಳೆ ತುಂಬಿಸಿ ಕೊಟ್ಟರೆ ಮಾಡಿಕೊಡುತ್ತಾರಂತೆ.
– ಓದುಗರೊಬ್ಬರು, ಸಿಂಗಪುರ

ಉ: ಮಾಡಬಹುದು. ತಾಳ್ಮೆ ಬೇಕು, ಆದರೆ ಖಂಡಿತ ಮಾಡಿ.

ಹಾಳೆ ತುಂಬಿಸುವ ಸೇವೆಗಳು ಇಂಗ್ಲಿಷಿಗೆ ಸಾಕು, ಅಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಕನ್ನಡ ಹಾಗಲ್ಲ. ‘ಕ’ಕ್ಕೆ ಗುಡಿಸು ಕೊಟ್ಟರೆ ತಲೆಕಟ್ಟು ಹೋಗಿ ‘ಕಿ’ ಆಗುತ್ತದೆ, ಏತ್ವ ಕೊಟ್ಟರೂ ತಲೆಕಟ್ಟು ಹೋಗುತ್ತದೆ. ಅಂದರೆ ತಲೆಕಟ್ಟಿಲ್ಲದ ‘ಕ’ ಒಂದು ಬೇಕು, ಇಲ್ಲದಿದ್ದರೆ ‘ಕಿ’, ‘ಕೆ’ ಇಡಿಯಾಗಿ ಬೇಕು. ಪ್ರತಿ ವ್ಯಂಜನಕ್ಕೂ ಒತ್ತಿನ ರೂಪ ಬೇರೆ. ‘ಕರ್ಮ’ ಟೈಪ್ ಮಾಡುವಾಗ ‘ರ’ ಮೊದಲು ಬರುತ್ತದೆ, ಕಾಣುವಾಗ ಅರ್ಕಾವತ್ತು ‘ಮ’ ಆದಮೇಲೆ ಕೂರಬೇಕು. ಇದನ್ನೆಲ್ಲ ಫಾಂಟಿನೊಳಗೆ ನಿಯಮವಾಗಿ ಬರೆಯಬೇಕು. ಒಟ್ಟು ಕೆಲವು ನೂರು ಆಕಾರ ಬೇಕಾಗುತ್ತದೆ.

ನಿಮಗೆ ಒಂದು ಅನುಕೂಲ ಇದೆ. ಬದುಕಿರುವವರಿಗೆ ಚೌಕದಲ್ಲಿ ಅಕ್ಷರ ಬರೆಯಿರಿ ಅಂದರೆ ಕೈ ಬಿಗಿಯಾಗಿ ಪರೀಕ್ಷೆ ಬರೆಯುವವರ ಹಾಗೆ ಬರೆಯುತ್ತಾರೆ. ಅಮ್ಮನ ಪತ್ರದಲ್ಲಿರುವುದು ಅವರ ನಿಜವಾದ ಓಟ. ಪತ್ರಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಪ್ರತಿ ಅಕ್ಷರದ ಹಲವು ಮಾದರಿ ಹುಡುಕಿ ಪಕ್ಕಪಕ್ಕ ಇಟ್ಟುಕೊಳ್ಳಿ. ತುಂಬ ಸುಂದರವಾದದ್ದನ್ನು ಆರಿಸಬೇಡಿ, ಜಾಸ್ತಿ ಸಲ ಹೇಗೆ ಬರೆದಿದ್ದಾರೋ ಅದನ್ನು ಆರಿಸಿ. ಅಮ್ಮನ ‘ಳ’ ಸ್ವಲ್ಪ ವಾರೆಯಾಗಿದ್ದರೆ ವಾರೆಯಾಗಿಯೇ ಇರಲಿ. ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಗೆರೆಯಾಗಿ ಬದಲಿಸಿ, ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ಗೆ ಹಾಕಬಹುದು. ಎರಡೂ ಉಚಿತ.

ಕೆಲವು ಅಕ್ಷರ ಸಿಗುವುದೇ ಇಲ್ಲ. ‘ಙ’ ಯಾರೂ ಪತ್ರದಲ್ಲಿ ಬರೆಯುವುದಿಲ್ಲ. ‘ಞ’ ಬಿಡಿಯಾಗಿ ಸಿಗದಿದ್ದರೂ ‘ಜ್ಞಾಪಕ’ದಲ್ಲಿ ಒತ್ತಾಗಿ ಸಿಗಬಹುದು. ‘ಢ’ ಇಲ್ಲದಿದ್ದರೆ ಅವರದೇ ‘ಡ’ ತೆಗೆದುಕೊಂಡು, ಅವರು ‘ಧ’ಕ್ಕೆ ಹಾಕಿದ ಸೀಳನ್ನೇ ಹಾಕಿ. ಹೀಗೆ ಅವರ ಕೈಯ ತುಣುಕುಗಳಿಂದಲೇ ಕಟ್ಟಬಹುದು. ನಿಯಮ ಬರೆಯುವ ಭಾಗ ಕಷ್ಟ ಅನ್ನಿಸಿದರೆ ಕನ್ನಡ ಫಾಂಟ್ ಮಾಡಿದ ಅನುಭವ ಇರುವವರನ್ನು ಜೊತೆ ಸೇರಿಸಿಕೊಳ್ಳಿ. ಮುಕ್ತ ಲೈಸೆನ್ಸ್ ಇರುವ ಯಾವುದಾದರೂ ಕನ್ನಡ ಫಾಂಟನ್ನು ತೆರೆದು ನೋಡಿ ಕಲಿಯಲೂಬಹುದು. ಮುಗಿದಮೇಲೆ ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’, ‘ಐಶ್ವರ್ಯ’, ‘ರ‍್ಯಾಂಕ್’ ಟೈಪ್ ಮಾಡಿ ನೋಡಿ. ಇವು ಸರಿಯಾಗಿ ಬಂದರೆ ಉಳಿದದ್ದು ಬಹುಮಟ್ಟಿಗೆ ಸರಿಯಾಗಿದೆ ಅಂತಲೇ.

ಅಡುಗೆ ಟಿಪ್ಪಣಿಯನ್ನು ಅದೇ ಅಕ್ಷರದಲ್ಲಿ ಪುಸ್ತಕ ಮಾಡುವ ಆಲೋಚನೆ ಇದ್ದರೆ ತಿಂಡಿಯ ಹೆಸರು, ಅಮ್ಮ ಪಕ್ಕದಲ್ಲಿ ಗೀಚಿದ ಮಾತುಗಳು ಅವರ ಕೈಬರಹದಲ್ಲಿರಲಿ. ಅಳತೆ, ವಿಧಾನ ಸಾದಾ ಅಕ್ಷರದಲ್ಲಿರಲಿ.

ಪ್ರ: ನನ್ನ ಕಾದಂಬರಿಯನ್ನು ಪೂರ್ತಿ ಕೈಬರಹದ ಫಾಂಟಿನಲ್ಲಿ ಅಚ್ಚು ಮಾಡಿಸಬೇಕು ಅಂತಿದೆ. ಕಥಾನಾಯಕಿಯ ಡೈರಿಯ ರೂಪದಲ್ಲಿದೆ.
– ಓದುಗರೊಬ್ಬರು, ಕಾರವಾರ

ಉ: ಬೇಡ. ಒಂದು ಪುಟ ದಾಟಿದರೆ ಕಣ್ಣು ಸೋಲುತ್ತದೆ, ಓದುಗರು ಕಥೆ ಬಿಟ್ಟು ಅಕ್ಷರ ಬಿಡಿಸುವುದರಲ್ಲಿ ತೊಡಗುತ್ತಾರೆ. ಪ್ರತಿ ದಿನದ ತಾರೀಖನ್ನು, ಬೇಕಾದರೆ ಮೊದಲ ಸಾಲನ್ನು, ಕೈಬರಹದಲ್ಲಿ ಹಾಕಿ. ಡೈರಿ ಅನ್ನುವುದು ತಿಳಿಯಲು ಅಷ್ಟು ಸಾಕು.

ಪ್ರ: ಪ್ರೈಮರಿ ಶಾಲೆಯ ಟೀಚರ್ ನಾನು. ಇಂಗ್ಲಿಷ್ ವರ್ಕ್‌ಶೀಟಿಗೆ ಕಾಮಿಕ್ ಸಾನ್ಸ್ ಹಾಕುತ್ತೇನೆ. ಡಿಸೈನ್ ಓದಿದ ಮಗ ನೋಡಿ ನಗುತ್ತಾನೆ. ಅಷ್ಟು ಕೆಟ್ಟದಾ ಅದು?
– ಶಿಕ್ಷಕಿ, ಹಾಸನ

ಉ: ಕೆಟ್ಟದ್ದಲ್ಲ ಮೇಡಂ. ನಿಮ್ಮ ಕೆಲಸಕ್ಕೆ ಸರಿಯಾಗಿಯೇ ಇದೆ. 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್ ಅದನ್ನು ಮಾಡಿದರು. ಮೈಕ್ರೋಸಾಫ್ಟ್ ಬಾಬ್ ಅನ್ನುವ ಸಾಫ್ಟ್‌ವೇರಿನಲ್ಲಿ ಒಂದು ಕಾರ್ಟೂನ್ ನಾಯಿ ಮಾತಾಡುತ್ತಿತ್ತು. ಅದರ ಮಾತಿನ ಗುಳ್ಳೆಯೊಳಗೆ ಟೈಮ್ಸ್ ನ್ಯೂ ರೋಮನ್ ಇತ್ತು. ನಾಯಿ ಪತ್ರಿಕೆಯ ಅಕ್ಷರದಲ್ಲಿ ಮಾತಾಡುವುದು ಕೊನೇರ್‌ಗೆ ಸರಿ ಕಾಣಲಿಲ್ಲ, ಕಾಮಿಕ್ ಪುಸ್ತಕಗಳ ಅಕ್ಷರ ನೋಡಿಕೊಂಡು ಹೊಸದು ಬರೆದರು. ಬಾಬ್‌ಗೆ ಅದು ಸಮಯಕ್ಕೆ ಸಿದ್ಧವಾಗಲಿಲ್ಲ, ಮುಂದೆ ವಿಂಡೋಸ್ 95ರ ಕಾಲದಲ್ಲಿ ಎಲ್ಲರ ಕಂಪ್ಯೂಟರಿಗೂ ಬಂತು. ಬಂದಮೇಲೆ ಎಲ್ಲರೂ ಎಲ್ಲ ಕಡೆ ಹಾಕಿದರು, ಆಸ್ಪತ್ರೆಯ ನೋಟಿಸಿಗೂ ಕಾನೂನಿನ ಪತ್ರಕ್ಕೂ. ಸಿಟ್ಟು ಹುಟ್ಟಿದ್ದು ಅಲ್ಲಿ. 2012ರ ಜುಲೈ 4ರಂದು ಸರ್ನ್ ಅನ್ನುವ ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಅನ್ನುವ ಕಣದ ಬಗ್ಗೆ ವಿಜ್ಞಾನಿ ಫಾಬಿಯೋಲಾ ಜನೋಟ್ಟಿ ತೋರಿಸಿದ ಸ್ಲೈಡುಗಳು ಕಾಮಿಕ್ ಸಾನ್ಸ್‌ನಲ್ಲಿದ್ದವು, ಆ ದಿನ ಎಷ್ಟೋ ಜನ ಭೌತಶಾಸ್ತ್ರ ಬಿಟ್ಟು ಫಾಂಟಿನ ಬಗ್ಗೆಯೇ ಮಾತಾಡಿದರು. ನನಗೆ ಅದು ಬೇಸರದ ಸಂಗತಿ.

ಮಕ್ಕಳಿಗೆ ಅದು ಒಗ್ಗಲು ಕಾರಣ ಇದೆ. ಸಣ್ಣ ‘a’ ಅವರು ಬರೆಯುವ ಹಾಗೇ ಇದೆ, ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಿಲ್ಲ. ಓದಿನ ತೊಡಕು ಇರುವವರಿಗಾಗಿ ಬ್ರಿಟಿಷ್ ಡಿಸ್‌ಲೆಕ್ಸಿಯಾ ಅಸೋಸಿಯೇಷನ್ ಸೂಚಿಸುವ ಫಾಂಟುಗಳಲ್ಲಿ ಅದೂ ಒಂದು. ವರ್ಕ್‌ಶೀಟಿಗೆ ಹಾಕಿ. ಪೋಷಕರಿಗೆ ಹೋಗುವ ಫೀಸಿನ ಸುತ್ತೋಲೆಗೆ ಬೇಡ. ಅದರಲ್ಲಿ ಕನ್ನಡ ಇಲ್ಲ, ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರ್ ತಾನೇ ತುಂಗಾನೋ ನಿರ್ಮಲಾನೋ ಬೇರೊಂದು ಫಾಂಟ್ ತಂದು ಹಾಕುತ್ತದೆ, ಎರಡೂ ಹೊಂದುವುದಿಲ್ಲ. ಕನ್ನಡದ ಸಾಲಿಗೆ ಏಕ್ ಟೈಪ್‌ನವರ ಬಾಲೂ ತಮ್ಮ 2 ಹಾಕಿ ನೋಡಿ, ದುಂಡಗೆ, ಮಕ್ಕಳಿಗೆ ಇಷ್ಟವಾಗುವ ಹಾಗಿದೆ.

ಪ್ರ: ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಹಳೇ ಪ್ಯಾಕೇಜಿನಲ್ಲಿ ಚೆಂದದ ಕೈಬರಹದ ಕನ್ನಡ ಫಾಂಟುಗಳಿವೆ. ಅವುಗಳಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ.
– ಓದುಗರೊಬ್ಬರು, ಗದಗ

ಉ: ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಕಾಗದದ ಕೆಲಸಕ್ಕೆ ಬಳಸುತ್ತಲೇ ಇರಿ, ಗಿರಾಕಿಗೆ ಕಳಿಸುವಾಗ ಅಕ್ಷರವನ್ನು ಕರ್ವ್ಸ್‌ಗೆ ಬದಲಿಸಿ ಪಿಡಿಎಫ್ ಮಾಡಿ. ಮೂಲ ಪಠ್ಯವನ್ನು ಮಾತ್ರ ಯುನಿಕೋಡ್‌ನಲ್ಲಿ (ಕನ್ನಡ ಅಕ್ಷರಕ್ಕೆ ಅದರದ್ದೇ ಸ್ಥಾನ ಇರುವ ಪದ್ಧತಿ) ಬೇರೆಯಾಗಿ ಉಳಿಸಿಕೊಳ್ಳಿ, ಮುಂದೆ ಹುಡುಕಲು, ತಿದ್ದಲು ಅದೇ ಬೇಕು. ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಯುನಿಕೋಡ್ ಕನ್ನಡದ ಒತ್ತು ಒಡೆದು ಬಂದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಸರಿಹೋಗುತ್ತದೆ.

ಪ್ರ: ವಾರಾಂತ್ಯದ ಕನ್ನಡ ತರಗತಿ ನಡೆಸುತ್ತೇವೆ. ಉಚಿತವಾಗಿ, ಕಾನೂನಿನ ತೊಂದರೆ ಇಲ್ಲದೆ ಬಳಸಬಹುದಾದ ಕೈಬರಹದ ಕನ್ನಡ ಫಾಂಟ್ ಯಾವುದಿದೆ? ಮಕ್ಕಳು ಅದರ ಮೇಲೆ ತಿದ್ದಿ ಬರೆಯಬಹುದಾ?
– ಓದುಗರೊಬ್ಬರು, ನ್ಯೂಜೆರ್ಸಿ

ಉ: ಮೊದಲು ನೋಡಬೇಕಾದದ್ದು ನವಿಲು. ಅರವಿಂದ ವಿ.ಕೆ. ಮಾಡಿದ ಕೈಬರಹ ಶೈಲಿಯ ಯುನಿಕೋಡ್ ಫಾಂಟ್ ಅದು. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು, ಡೆಬಿಯನ್ ಬಳಸುವವರಿಗೆ ಅಲ್ಲೇ ಸಿಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಎರಿನ್ ಮೆಕ್‌ಲಾಫ್ಲಿನ್ ಅವರ ಹುಬ್ಬಳ್ಳಿ ಇದೆ, ಒಂದೇ ದಪ್ಪದ ಗೆರೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನಡಕ ಶೀರ್ಷಿಕೆಗೆ ಚೆನ್ನಾಗಿದೆ, ಸಣ್ಣ ಅಳತೆಗೆ ಅಲ್ಲ. ಮಲಯಾಳಕ್ಕೆ ಚಿಲಂಕ, ತಮಿಳಿಗೆ ಕವಿವನಾರ್, ದೇವನಾಗರಿಗೆ ಕಲಂ ಇವೆ. ನಮ್ಮಲ್ಲಿ ಇಂಥವು ಇನ್ನೂ ಹತ್ತಾರು ಬರಬೇಕು ಅನ್ನುವುದು ನನ್ನ ಆಸೆ, ಮೇಲೆ ಬೋರ್ಡ್ ಬರೆಯುವವರ ಮಗನಿಗೆ ಅಷ್ಟು ಒತ್ತಾಯ ಮಾಡಿದ್ದು ಅದಕ್ಕೇ.

ತಿದ್ದಲು ಕೊಡುವಾಗ ಒಂದೇ ದಪ್ಪದ ಗೆರೆಯದ್ದನ್ನೇ ಕೊಡಿ. ದಪ್ಪ ತೆಳು ಇರುವ ಅಚ್ಚಿನ ಅಕ್ಷರದ ಮೇಲೆ ಪೆನ್ಸಿಲ್ ಎಲ್ಲಿ ಓಡಬೇಕು ಅಂತ ಮಗುವಿಗೆ ತಿಳಿಯುವುದಿಲ್ಲ. ಅಳತೆ ದೊಡ್ಡದಿರಲಿ, ಬಣ್ಣ ತಿಳಿ ಬೂದು ಇರಲಿ. ಗೆರೆ ಎಲ್ಲಿಂದ ಶುರು, ಯಾವ ಕಡೆಗೆ ಅನ್ನುವುದು ಯಾವ ಫಾಂಟೂ ಹೇಳುವುದಿಲ್ಲ. ಪ್ರತಿ ಅಕ್ಷರಕ್ಕೂ ನೀವೇ ಪೆನ್ನಿನಲ್ಲಿ ಒಂದು ಚುಕ್ಕಿ, ಒಂದು ಬಾಣ ಹಾಕಿ ಆಮೇಲೆ ಜೆರಾಕ್ಸ್ ಮಾಡಿಸಿ.

ಲೈಸೆನ್ಸ್ ಬಗ್ಗೆ: ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಂತ ಇದ್ದರೆ ಅಚ್ಚು ಹಾಕಬಹುದು, ಆ ಪುಸ್ತಕ ಮಾರಬಹುದು, ಫಾಂಟನ್ನು ತಿದ್ದಬಹುದು, ಇತರರಿಗೆ ಕೊಡಬಹುದು. ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ‘ಸ್ವಂತ ಬಳಕೆಗೆ ಮಾತ್ರ’ ಅಂತ ಬರೆದಿರುವ ಫಾಂಟನ್ನು ಶುಲ್ಕ ಪಡೆಯುವ ತರಗತಿಗೂ ಬಳಸಬೇಡಿ, ಮಾಡಿದವರಿಗೆ ಒಂದು ಮಿಂಚಂಚೆ ಬರೆದು ಒಪ್ಪಿಗೆ ಕೇಳಿ. ಫಾಂಟಿನ ಜೊತೆ ಬರುವ ಲೈಸೆನ್ಸ್ ಫೈಲನ್ನು ಅಳಿಸದೆ, ತರಗತಿಯ ಇತರರಿಗೆ ಕೊಡುವಾಗ ಅದನ್ನೂ ಸೇರಿಸಿ ಕೊಡಿ.